ಮಗಳ ಕಾಲೇಜು, ತೋಟದ ಪಹಣಿ

ಪ್ರಶ್ನೆ: ನಮ್ಮದು ಕುಮಟಾ ತಾಲೂಕಿನ ಕತಗಾಲ. ಮೂವತ್ತು ಗುಂಟೆ ಅಡಿಕೆ ತೋಟ, ಎರಡು ಎಮ್ಮೆ ಇವೆ. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಮಗಳು ಕುಮಟಾದಲ್ಲಿ ಪಿಯುಸಿ ಮುಗಿಸಿದ್ದಾಳೆ, ಒಳ್ಳೆಯ ಅಂಕ ಬಂದಿದೆ. ಅರ್ಥಶಾಸ್ತ್ರ ಓದಬೇಕೆಂದು ತಾನೇ ಹುಡುಕಿ ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದಳು. ಪರೀಕ್ಷೆ, ಸಂದರ್ಶನ ಎರಡೂ ಮುಗಿದಿವೆ. ಈಗ ಆರ್ಥಿಕ ನೆರವಿನ ಫಾರಂ ತುಂಬಬೇಕು. ಅಲ್ಲಿಯ ಫೀಸು, ಹಾಸ್ಟೆಲು, ಊಟ ಎಲ್ಲ ಕೂಡಿಸಿದರೆ ನಮ್ಮ ಮನೆಯ ಇಡೀ ವರ್ಷದ ಆದಾಯಕ್ಕಿಂತ ಹೆಚ್ಚಾಗುತ್ತದೆ. ಇನ್ನೊಂದು ಖಾಸಗಿ ವಿಶ್ವವಿದ್ಯಾಲಯದವರು ಫೋನ್ ಮಾಡಿ "ಅರ್ಧ ಸ್ಕಾಲರ್‌ಶಿಪ್ ಕೊಡುತ್ತೇವೆ, ಈ ವಾರವೇ ಸೀಟು ಬುಕ್ ಮಾಡಿ" ಎನ್ನುತ್ತಿದ್ದಾರೆ. ನಮ್ಮನೆಯವರು ಎರಡಕ್ಕೂ ಒಪ್ಪುತ್ತಿಲ್ಲ. "ಮೊದಲ ವರ್ಷ ಕೊಟ್ಟು ಎರಡನೇ ವರ್ಷ ಕೈ ಬಿಟ್ಟರೆ ಏನು ಮಾಡ್ತೆ? ನಮ್ಮ ಪಹಣಿ, ಪಾಸ್‌ಬುಕ್ಕು ಬೇರೆಯವರಿಗೆ ಯಾಕೆ ತೋರಿಸಬೇಕು? ಧರ್ಮಕ್ಕೆ ಓದಿಸುವ ಗತಿ ನಮಗೆ ಬಂದಿಲ್ಲ" ಎನ್ನುತ್ತಾರೆ. ಅಮೆರಿಕದಲ್ಲಿರುವ ನಾದಿನಿಯ ಮಗ ಮಾತ್ರ "ಪಟ್ಟಿಯಲ್ಲಿರುವ ಫೀಸು ಯಾರೂ ಪೂರ್ತಿ ಕಟ್ಟುವುದಿಲ್ಲ ಅತ್ತೆ, ಹೆದರಬೇಡಿ" ಎಂದ. ಯಾರ ಮಾತು ಕೇಳಲಿ?
— ಒಬ್ಬ ತಾಯಿ, ಕತಗಾಲ

ಉತ್ತರ: ಅಕ್ಕಾ, ಫಾರಂ ತುಂಬಿಸಿ. ಕಳಿಸುವುದೋ ಬಿಡುವುದೋ ಎಂದು ಈಗಲೇ ತೀರ್ಮಾನಿಸಬೇಕಾಗಿಲ್ಲ. ಅವರು ಎಷ್ಟು ಬಿಟ್ಟರು, ನಿಮ್ಮ ಕೈಯಿಂದ ಎಷ್ಟು ಹೋಗಬೇಕು ಎಂಬ ಲೆಕ್ಕ ಕಾಗದದ ಮೇಲೆ ಬರುವವರೆಗೆ ನಿಮ್ಮ ಮನೆಯಲ್ಲಿ ನಡೆಯುವ ಜಗಳಕ್ಕೆ ಆಧಾರವೇ ಇಲ್ಲ.

ನಾದಿನಿಯ ಮಗ ಹೇಳಿದ್ದು ಅವನಿರುವ ಊರಿಗೆ ಬಹುಮಟ್ಟಿಗೆ ನಿಜ. ಹಾರ್ವರ್ಡ್ ವಿಶ್ವವಿದ್ಯಾಲಯ 2025–26ರಿಂದ ವರ್ಷಕ್ಕೆ ಎರಡು ಲಕ್ಷ ಡಾಲರ್‌ವರೆಗೆ ಆದಾಯವಿರುವ ಮನೆಯ ಮಕ್ಕಳಿಗೆ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು. ಒಂದು ಲಕ್ಷ ಡಾಲರ್‌ ಒಳಗಿನವರಿಗೆ ಊಟ, ವಸತಿಯೂ ಉಚಿತ. ಆ ದೇಶದಲ್ಲಿ 2011ರಿಂದ ಇನ್ನೊಂದು ಅನುಕೂಲವೂ ಇದೆ. ನಮ್ಮಂಥ ಮನೆಗೆ ನಿಜವಾಗಿ ಎಷ್ಟು ಬೀಳಬಹುದು ಎಂದು ಅಂದಾಜು ತೋರಿಸುವ ಲೆಕ್ಕದ ಸಾಧನವೊಂದನ್ನು ಕಾಲೇಜುಗಳು ತಮ್ಮ ಜಾಲತಾಣದಲ್ಲಿ ಇಡಬೇಕೆಂಬ ಕಾನೂನು ಜಾರಿಯಾಯಿತು. ನಮ್ಮಲ್ಲಿ ಅಂಥ ಕಡ್ಡಾಯವಿಲ್ಲ. ಇಲ್ಲಿ ಪಟ್ಟಿಯ ಫೀಸನ್ನು ಪೂರ್ತಿ ಕಟ್ಟುವವರು ಬೇಕಾದಷ್ಟು ಜನರಿದ್ದಾರೆ, ಸಾಲ ಮಾಡಿ ಕಟ್ಟುವವರೂ ಇದ್ದಾರೆ. ಹಾಗಾಗಿ ಅವನ ಧೈರ್ಯವನ್ನು ಪೂರ್ತಿ ಎರವಲು ತರಬೇಡಿ.

ನಿಮ್ಮ ಯಜಮಾನರ ಅನುಮಾನವನ್ನೂ ನಾನು ತಳ್ಳಿಹಾಕುವುದಿಲ್ಲ. ಕರಾವಳಿಯವರು ಖಾಸಗಿ ಕಾಲೇಜನ್ನು ಬಹಳ ಹಿಂದೆಯೇ ಕಂಡವರು. 1953ರಲ್ಲೇ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ವೈದ್ಯಕೀಯ ಕಾಲೇಜು ತೆರೆದರು. ಆಮೇಲೆ ರಾಜ್ಯದ ತುಂಬ ಕಾಲೇಜುಗಳು ಎದ್ದವು, 'ಡೊನೇಶನ್' ಎಂಬ ಪಿಡುಗೂ ಜೊತೆಗೇ ಬೆಳೆಯಿತು. ಅದನ್ನು ತಡೆಯಲು 1984ರಲ್ಲಿ ಕಾನೂನು ಮಾಡಬೇಕಾಯಿತು. ಅಷ್ಟಾದರೂ, ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ ಇದ್ದ ಕಾಲದಲ್ಲಿ ಹೊರರಾಜ್ಯದ ವಿದ್ಯಾರ್ಥಿಗಳಿಂದ 60,000 ಕೇಳಬಹುದಾಗಿತ್ತು. ಮೀರತ್‌ನಿಂದ ತುಮಕೂರಿಗೆ ವೈದ್ಯಕೀಯ ಓದಲು ಬರಬೇಕೆಂದಿದ್ದ ಮೋಹಿನಿ ಜೈನ್ ಇದನ್ನೇ ಹಿಡಿದು ಸುಪ್ರೀಂ ಕೋರ್ಟಿಗೆ ಹೋದರು, 1992ರಲ್ಲಿ ತೀರ್ಪು ಅವರ ಪರ ಬಂತು. ಆ ಕಾಲ ಕಂಡ ತಲೆಮಾರಿಗೆ ಖಾಸಗಿ ಸಂಸ್ಥೆ ತಾನಾಗಿ ಫೀಸು ಬಿಡುತ್ತದೆ ಎಂದರೆ ನಗು ಬರುವುದು ಸಹಜ.

ಆದರೆ ರಿಯಾಯಿತಿಗಳೆಲ್ಲ ಒಂದೇ ಅಲ್ಲ. ಯಾವುದೇ ಸಂಸ್ಥೆ ಫೀಸು ಬಿಡುತ್ತೇನೆ ಎಂದಾಗ ಮೊದಲು ಕೇಳಿಕೊಳ್ಳಬೇಕಾದ್ದು ಅದು ಯಾರ ದುಡ್ಡು ಎಂದು. ಬಹುಪಾಲು ಖಾಸಗಿ ವಿಶ್ವವಿದ್ಯಾಲಯಗಳು ನಡೆಯುವುದು ವಿದ್ಯಾರ್ಥಿಗಳ ಫೀಸಿನಿಂದಲೇ. ಅಲ್ಲಿ ನಿಮ್ಮ ಮಗಳಿಗೆ ಬಿಟ್ಟ ಹಣವನ್ನು ಪಕ್ಕದ ಬೆಂಚಿನ ಹುಡುಗ ತುಂಬಿಕೊಡಬೇಕು. ಆದ್ದರಿಂದ ಅವರು ಬಿಡುವುದಕ್ಕೆ ಒಂದು ಮಿತಿ ಇರುತ್ತದೆ, ಮತ್ತು ಒಳ್ಳೆಯ ಅಂಕದ ಮಕ್ಕಳನ್ನು ಸೆಳೆಯುವುದೇ ಅದರ ಉದ್ದೇಶವಾಗಿರುತ್ತದೆ. ಮನೆಯಲ್ಲಿ ಎರಡು ಕಾರಿದ್ದವರಿಗೂ 95 ಪರ್ಸೆಂಟ್ ಬಂದರೆ ಅರ್ಧ ಸ್ಕಾಲರ್‌ಶಿಪ್ ಸಿಗುತ್ತದೆ. ತಪ್ಪೇನಿಲ್ಲ, ಆದರೆ ಅದು ನಿಮ್ಮ ಕಷ್ಟ ನೋಡಿ ಕೊಟ್ಟದ್ದಲ್ಲ.

ನಿಮ್ಮ ಮಗಳು ಆರಿಸಿಕೊಂಡ ಸಂಸ್ಥೆಯ ಕತೆ ಬೇರೆ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2010ರಲ್ಲಿ ಕರ್ನಾಟಕದ ಶಾಸನದ ಮೂಲಕ ಸ್ಥಾಪನೆಯಾಯಿತು, ಪದವಿ ತರಗತಿಗಳು 2015ರಲ್ಲಿ ಶುರುವಾದವು, ಈಗ ಸರ್ಜಾಪುರದಲ್ಲಿ ಸ್ವಂತ ಆವರಣವಿದೆ. ಅದರ ಹಿಂದಿರುವುದು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಮೂಲನಿಧಿ. 2019ರ ಮಾರ್ಚ್‌ನಲ್ಲಿ ಪ್ರೇಮ್‌ಜಿಯವರು ವಿಪ್ರೊದ ಇನ್ನೂ 34 ಪರ್ಸೆಂಟ್ ಷೇರುಗಳ ಲಾಭವನ್ನು ಬಿಟ್ಟುಕೊಟ್ಟಾಗ ಆ ನಿಧಿ ಒಟ್ಟು 1,45,000 ಕೋಟಿ ರೂಪಾಯಿ ಮುಟ್ಟಿತೆಂದು ಪ್ರಕಟಿಸಿದ್ದರು. ಸಂಸ್ಥೆ ಫೀಸಿನ ಮೇಲೇ ನಿಂತಿಲ್ಲದ ಕಾರಣ ಅಂಕ ನೋಡಿ ಅಲ್ಲ, ಮನೆಯ ಆರ್ಥಿಕ ಸ್ಥಿತಿ ನೋಡಿ ನೆರವು ಕೊಡಲು ಅದಕ್ಕೆ ಸಾಧ್ಯವಾಗಿದೆ. ಬೋಧನಾ ಶುಲ್ಕದಲ್ಲಿ ಮಾತ್ರವಲ್ಲ, ವಸತಿ ಮತ್ತು ಊಟದ ಖರ್ಚಿನಲ್ಲೂ ಪೂರ್ತಿಯೋ ಒಂದು ಪಾಲೋ ಬಿಡುವ ವ್ಯವಸ್ಥೆ ಅಲ್ಲಿದೆ. ಹರಿಯಾಣದ ಸೋನಿಪತ್‌ನಲ್ಲಿರುವ ಅಶೋಕ ವಿಶ್ವವಿದ್ಯಾಲಯವೂ ಮನೆಯ ಸ್ಥಿತಿ ನೋಡಿಯೇ ನೆರವು ಕೊಡುತ್ತದೆ. ಅದು ಅನೇಕ ದಾನಿಗಳ ಹಣದಿಂದ ಕಟ್ಟಿದ್ದು, ಪಟ್ಟಿಯ ಫೀಸು ಇನ್ನೂ ದೊಡ್ಡದು.

ಊಟ, ವಸತಿಯನ್ನು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಫೋನ್ ಮಾಡಿದವರ 'ಅರ್ಧ' ಯಾವುದರ ಅರ್ಧ ಎಂದು ಕೇಳಿದಿರಾ? ಲೆಕ್ಕಕ್ಕೆಂದು ಒಂದು ಉದಾಹರಣೆ ಇಡುತ್ತೇನೆ. ಬೋಧನಾ ಶುಲ್ಕ ನಾಲ್ಕು ಲಕ್ಷ, ಹಾಸ್ಟೆಲ್ ಮತ್ತು ಮೆಸ್ ಒಂದೂವರೆ ಲಕ್ಷ ಎಂದುಕೊಳ್ಳಿ. ಬೋಧನಾ ಶುಲ್ಕದಲ್ಲಿ ಅರ್ಧ ಬಿಟ್ಟರೆ ನೀವು ಕಟ್ಟುವುದು ವರ್ಷಕ್ಕೆ ಮೂರೂವರೆ ಲಕ್ಷ, ನಾಲ್ಕು ವರ್ಷಕ್ಕೆ 14 ಲಕ್ಷ. 'ಅರ್ಧ' ಎಂಬ ಮಾತು ಕಿವಿಗೆ ಇಂಪು, ಕಟ್ಟುವಾಗ ಸುಮಾರು ಮೂರರಲ್ಲಿ ಎರಡು ಪಾಲು ನಿಮ್ಮದೇ. ಅದೂ ಫೀಸು ಏರದಿದ್ದರೆ. ವರ್ಷಕ್ಕೆ 8 ಪರ್ಸೆಂಟ್ ಏರಿದರೆ ನಾಲ್ಕು ವರ್ಷದ ಬೋಧನಾ ಶುಲ್ಕವೇ 18 ಲಕ್ಷ ದಾಟುತ್ತದೆ. ರಿಯಾಯಿತಿ ಪರ್ಸೆಂಟಿನ ಲೆಕ್ಕದಲ್ಲಿದ್ದರೆ ಏರಿಕೆಯಲ್ಲೂ ಅರ್ಧ ಅವರದು. 'ವರ್ಷಕ್ಕೆ ಎರಡು ಲಕ್ಷ ಬಿಡುತ್ತೇವೆ' ಎಂದು ಮೊತ್ತದಲ್ಲಿ ಬರೆದಿದ್ದರೆ ಏರಿದ್ದೆಲ್ಲ ನಿಮ್ಮ ತಲೆಗೆ, ನಾಲ್ಕು ವರ್ಷಕ್ಕೆ ಒಂದು ಲಕ್ಷದಷ್ಟು ವ್ಯತ್ಯಾಸ. ಜೊತೆಗೆ ಇಂಥ ಅಂಕದ ಸ್ಕಾಲರ್‌ಶಿಪ್ಪುಗಳಲ್ಲಿ ಸಾಮಾನ್ಯವಾಗಿ ಸಣ್ಣ ಅಕ್ಷರದ ಷರತ್ತು ಇರುತ್ತದೆ: ಪ್ರತಿ ವರ್ಷ ಇಂತಿಷ್ಟು ಸಿಜಿಪಿಎ ಉಳಿಸಿಕೊಳ್ಳಬೇಕು, ಒಂದು ವಿಷಯ ಹಿಂದೆ ಬಿದ್ದರೂ ರದ್ದು. ಹಳ್ಳಿಯಿಂದ ಹೋದ ಹುಡುಗಿಗೆ ಮೊದಲ ಸೆಮಿಸ್ಟರ್‌ ಸುಲಭ ಅಲ್ಲ. ಯಜಮಾನರು ಹೆದರಿದ 'ಎರಡನೇ ವರ್ಷ ಕೈ ಬಿಡುವುದು' ಇಂಥಲ್ಲೇ ಆಗುವುದು.

"ಈ ವಾರವೇ ಬುಕ್ ಮಾಡಿ" ಎಂದು ಅವಸರ ಮಾಡುವವರಿಗೆ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಹೇಳಿದ್ದೆಲ್ಲವನ್ನೂ ಇ-ಮೇಲಿನಲ್ಲಿ ಬರೆದು ಕಳಿಸಿ ಎನ್ನಿ. ಹೆಚ್ಚಿನ ಫೋನುಗಳು ಅಲ್ಲಿಗೇ ನಿಲ್ಲುತ್ತವೆ.

ಸರ್ಜಾಪುರದಿಂದ ನೆರವಿನ ಪತ್ರ ಬಂದಾಗಲೂ ಇದೇ ಕಣ್ಣಿನಿಂದ ಓದಿ. ಯಾವ ಬಾಬತ್ತಿಗೆ ಎಷ್ಟು ಪರ್ಸೆಂಟು, ಎಷ್ಟು ವರ್ಷಕ್ಕೆ, ಪ್ರತಿ ವರ್ಷ ಮತ್ತೆ ಕಾಗದಪತ್ರ ಕೊಡಬೇಕೇ, ಒಂದು ವಿಷಯ ಫೇಲಾದರೆ ಏನು, ಮೊದಲಿಗೆ ಕಟ್ಟುವ ಠೇವಣಿ ವಾಪಸ್ ಬರುತ್ತದೆಯೇ. ಇನ್ನೂ ಮುಖ್ಯ: ಅಡಿಕೆಗೆ ಕೊಳೆರೋಗ ಬಂದು ಅರ್ಧ ಬೆಳೆ ಹೋದ ವರ್ಷ ಮರುಪರಿಶೀಲನೆಗೆ ಕೇಳಬಹುದೇ. ಇದನ್ನೆಲ್ಲ ಮಗಳು ಇಂಗ್ಲಿಷಿನಲ್ಲಿ ಬರೆದು ಕೇಳಲಿ. ಕೇಳಿದ್ದಕ್ಕೆ ಸೀಟು ಹೋಗುವುದಿಲ್ಲ. ಕೇಳಿದ್ದಕ್ಕೇ ಮುಖ ಸಿಂಡರಿಸುವ ಸಂಸ್ಥೆಯಾದರೆ ಅಲ್ಲಿ ನಾಲ್ಕು ವರ್ಷ ಕಳೆಯುವುದು ಬೇಡವೇ ಬೇಡ.

ಇನ್ನು ಕಾಗದಪತ್ರ. ಇಲ್ಲಿ ತೋಟದವರಿಗೆ ಒಂದು ತೊಡಕಿದೆ, ಪಟ್ಟಣದ ಸಲಹೆಗಾರರು ಇದನ್ನು ಹೇಳುವುದಿಲ್ಲ. ಸಂಬಳದವರ ಆದಾಯ ಫಾರಂ 16ರಲ್ಲಿ ಒಂದು ಸಾಲು. ನಮ್ಮದು ಹಾಗಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರದಲ್ಲಿ ಒಂದು ಅಂಕಿ ಇರುತ್ತದೆ, ಕುಮಟಾ ಮಂಡಿಯ ಚಾಲಿ ಪಟ್ಟಿಯಲ್ಲಿ ಇನ್ನೊಂದು, ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಸೊಸೈಟಿಯ ಬೆಳೆಸಾಲವನ್ನು ವರ್ಷಕ್ಕೊಮ್ಮೆ ಕಟ್ಟಿ, ಮತ್ತೆ ಎತ್ತುತ್ತೀರಲ್ಲ, ಅದು ಪಾಸ್‌ಬುಕ್ಕಿನಲ್ಲಿ ದೊಡ್ಡ ಜಮೆಯಾಗಿ ಕಾಣುತ್ತದೆ. ಬೆಂಗಳೂರಿನಲ್ಲಿ ಕುಳಿತು ನೋಡುವವರಿಗೆ ಅದು ಸಾಲವೋ ಆದಾಯವೋ ಗೊತ್ತಾಗುವುದು ಹೇಗೆ? ಅಣ್ಣ-ತಮ್ಮಂದಿರ ಹೆಸರು ಒಟ್ಟಿಗಿರುವ ಪಹಣಿಯಾದರಂತೂ ಇಡೀ ಜಮೀನು ನಿಮ್ಮದೇ ಎಂದು ಕಾಣುತ್ತದೆ.

ಆದ್ದರಿಂದ ಫಾರಂ ಜೊತೆ ಒಂದು ಪುಟದ ಪತ್ರ ಇಡಿ. ತೋಟದಲ್ಲಿ ನಮ್ಮ ಪಾಲು ಇಷ್ಟು, ಕಳೆದ ಮೂರು ವರ್ಷ ಅಡಿಕೆ ಮಾರಿ ಬಂದದ್ದು ಇಷ್ಟು, ಅದರಲ್ಲಿ ಗೊಬ್ಬರ, ಮೈಲುತುತ್ತ, ಮದ್ದು ಹೊಡೆಯುವವರ ಕೂಲಿ, ಕೊನೆ ಕೊಯ್ಯುವವರ ಕೂಲಿ ಕಳೆದು ಉಳಿದದ್ದು ಇಷ್ಟು. ಹೊಲಿಗೆಯಿಂದ ತಿಂಗಳಿಗೆ ಇಷ್ಟು, ಹಾಲಿನಿಂದ ಇಷ್ಟು. ಪಾಸ್‌ಬುಕ್ಕಿನ ಇಂಥ ತಾರೀಕಿನ ಜಮೆ ಬೆಳೆಸಾಲ. ಮಂಡಿ ಪಟ್ಟಿಗಳ ನಕಲು, ಸೊಸೈಟಿಯ ಸಾಲದ ದಾಖಲೆ ಜೊತೆಗಿರಲಿ. ಮನೆಯಲ್ಲಿ ಕಾಯಿಲೆಯವರಿದ್ದರೆ, ಇನ್ನೊಬ್ಬ ಮಗ ಓದುತ್ತಿದ್ದರೆ ಅದನ್ನೂ ಬರೆಯಿರಿ. ಹೊಲಿಗೆಯ ದುಡ್ಡನ್ನು ಬಿಡಬೇಡಿ, ಹೆಂಗಸರು ಅದನ್ನು ಆದಾಯ ಎಂದೇ ಎಣಿಸುವುದಿಲ್ಲ. ಆದಾಯ ಕಡಿಮೆ ಬರೆಸಿದ ಪ್ರಮಾಣಪತ್ರ ಮಾಡಿಸಿಕೊಡುತ್ತೇನೆ ಎನ್ನುವವರು ನಿಮ್ಮೂರಲ್ಲೂ ಇದ್ದಾರು. ಬೇಡ. ಮಂಡಿ ಪಟ್ಟಿಗೂ ಪ್ರಮಾಣಪತ್ರಕ್ಕೂ ತಾಳೆಯಾಗದಿದ್ದರೆ ಕಷ್ಟವಿದ್ದೂ ಕಳ್ಳರಂತೆ ಕಾಣುತ್ತೀರಿ.

ಯಜಮಾನರ ಕೊನೆಯ ಮಾತೇ ನನಗೆ ಹೆಚ್ಚು ತಟ್ಟಿದ್ದು: ಧರ್ಮಕ್ಕೆ ಓದಿಸುವುದು. ಅವರನ್ನು ಗದರಿಸಬೇಡಿ. ಮನೆಯ ಸಾಲ ಇನ್ನೊಬ್ಬರಿಗೆ ತೋರಿಸುವುದೆಂದರೆ ಮರ್ಯಾದಸ್ಥರಿಗೆ ಮೈ ಹಿಂಡಿದಂತಾಗುತ್ತದೆ. ಆದರೆ ಅವರನ್ನು ಒಮ್ಮೆ ಕೇಳಿ ನೋಡಿ, ನಮ್ಮ ಜಿಲ್ಲೆಯಲ್ಲಿ ಯಾರು ತಾನೇ ಪೂರ್ತಿ ಸ್ವಂತ ದುಡ್ಡಿನಲ್ಲಿ ಓದಿದ್ದಾರೆ? ಹಿಂದಿನವರು ವಾರಾನ್ನ ಉಂಡು ಓದಿದರು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದಾಗ ಅದರಲ್ಲಿ ಕುಳಿತ ಮಕ್ಕಳ ಫೀಸಿನಿಂದ ಗೋಡೆ ಏಳಲಿಲ್ಲ. ಕುಮಟಾದ ಕಾಲೇಜು ಹೊತ್ತಿರುವ ಹೆಸರು ಮುಂಬೈಯಲ್ಲಿ ಶಸ್ತ್ರವೈದ್ಯರಾಗಿದ್ದ ಡಾ. ಎ.ವಿ. ಬಾಳಿಗಾ ಅವರದು. ಆ ಬೆಂಚಿನ ಮೇಲೆ ಕುಳಿತು ಬಂದವರು ಯಾರೂ ತಾವು ಭಿಕ್ಷೆ ಬೇಡಿದೆವು ಎಂದುಕೊಂಡಿಲ್ಲ. ಸರ್ಕಾರಿ ಕಾಲೇಜಿನ ಕಡಿಮೆ ಫೀಸೂ ಯಾರದೋ ತೆರಿಗೆಯೇ. ವ್ಯತ್ಯಾಸ ಇಷ್ಟೇ, ಅಲ್ಲಿ ಯಾರೂ ಪಹಣಿ ಕೇಳಲಿಲ್ಲ.

ಈಗ ನೆರವು ಬಂದ ಮೇಲೂ ಉಳಿಯುವ ಮೊತ್ತದ ಮಾತು. ಪೂರ್ತಿ ಬಿಟ್ಟರೆ ನಿಮ್ಮ ಖರ್ಚು ಲ್ಯಾಪ್‌ಟಾಪು, ಬಟ್ಟೆ, ಕೈಖರ್ಚು, ಹೋಗಿ ಬರುವುದು. ಬೆಂಗಳೂರಿಗೆ ಕುಮಟಾದಿಂದ ಪಂಚಗಂಗಾ ರೈಲಿದೆ, ಸಂಜೆ ಹತ್ತಿದರೆ ಬೆಳಿಗ್ಗೆ ತಲುಪುತ್ತದೆ. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಾದರೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಅವಳು ಟಿಕೆಟ್ಟಿಗೆ ದುಡ್ಡು ಕೊಡಬೇಕಾಗಿಲ್ಲ. ಆಧಾರ್ ಕಾರ್ಡಿದ್ದರೆ ಸಾಕು, ಬೆನ್ನು ಗಟ್ಟಿ ಇರಬೇಕು ಅಷ್ಟೆ.

ಒಂದು ಪಾಲು ನೀವೇ ಕಟ್ಟಬೇಕೆಂದು ಬಂದರೆ ನನ್ನ ಗೆರೆ ಇದು: ನಾಲ್ಕು ವರ್ಷಕ್ಕೆ ಒಟ್ಟು ಸಾಲ ನಾಲ್ಕು ಲಕ್ಷ ಮೀರಬಾರದು, ತೋಟದ ಮೇಲೆ ಬೋಜಾ ಏರಿಸಬಾರದು. ಯಾಕೆ ನಾಲ್ಕು ಲಕ್ಷ? ಬ್ಯಾಂಕುಗಳ ಶಿಕ್ಷಣ ಸಾಲದಲ್ಲಿ ಅಷ್ಟರವರೆಗೆ ಜಾಮೀನು ಆಸ್ತಿಯನ್ನೂ ನಿಮ್ಮ ಪಾಲಿನ ಹಣವನ್ನೂ ಕೇಳುವುದಿಲ್ಲ. ವರ್ಷಕ್ಕೊಂದು ಲಕ್ಷದಂತೆ ಎತ್ತಿದರೆ, ಬಡ್ಡಿ 10 ಪರ್ಸೆಂಟ್ ಎಂದಿಟ್ಟುಕೊಂಡರೆ, ಓದು ಮುಗಿದು ಒಂದು ವರ್ಷದ ಬಿಡುವೂ ಕಳೆಯುವ ಹೊತ್ತಿಗೆ ಅದು 5 ಲಕ್ಷ 40 ಸಾವಿರ ಆಗಿರುತ್ತದೆ. ಏಳು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 9,000 ಕಂತು. ಅರ್ಥಶಾಸ್ತ್ರದ ಪದವೀಧರೆ ಮೊದಲ ಕೆಲಸದಲ್ಲಿ ಹೊರಬಹುದಾದ ಭಾರ ಅದು. ಹದಿನಾಲ್ಕು ಲಕ್ಷದ್ದು ಹೊರಲಾಗದ್ದು, ಅದು ಕೊನೆಗೆ ಅವಳ ಮದುವೆ, ನಿಮ್ಮ ಮುಪ್ಪು ಎರಡಕ್ಕೂ ಅಡ್ಡ ನಿಲ್ಲುತ್ತದೆ.

ಬ್ಯಾಂಕಿಗೆ ಹೋಗುವ ಮೊದಲು ಪಿಎಂ ವಿದ್ಯಾಲಕ್ಷ್ಮಿ ಯೋಜನೆ ನೋಡಿ. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಈ ಯೋಜನೆಯಲ್ಲಿ ಆಯ್ದ ಸಂಸ್ಥೆಗಳಿಗೆ ಸೇರಿದವರಿಗೆ ಜಾಮೀನಿಲ್ಲದೆ ಸಾಲ ಸಿಗುತ್ತದೆ. ಮನೆಯ ಆದಾಯ 8 ಲಕ್ಷದ ಒಳಗಿದ್ದು ಬೇರೆ ಸರ್ಕಾರಿ ವಿದ್ಯಾರ್ಥಿವೇತನ, ಬಡ್ಡಿ ರಿಯಾಯಿತಿ ಇಲ್ಲದಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಓದಿನ ಅವಧಿಯಲ್ಲಿ 3 ಪರ್ಸೆಂಟ್ ಬಡ್ಡಿಯನ್ನು ಸರ್ಕಾರ ಭರಿಸುತ್ತದೆ. ಆದರೆ ಆ ವರ್ಷದ ಪಟ್ಟಿಯಲ್ಲಿ ಸಂಸ್ಥೆಯ ಹೆಸರಿರಬೇಕು. ಅದನ್ನು ಖಾತ್ರಿ ಮಾಡಿಕೊಂಡೇ ಲೆಕ್ಕ ಹಾಕಿ.

ರೈತ ವಿದ್ಯಾನಿಧಿಯನ್ನೂ ಕೇಳಿರುತ್ತೀರಿ. 2021ರಲ್ಲಿ ಅದನ್ನು ಆರಂಭಿಸಿದಾಗ ಬಿ.ಎ., ಬಿ.ಎಸ್‌ಸಿ., ಬಿ.ಕಾಂ. ಓದುವ ಹೆಣ್ಣುಮಕ್ಕಳಿಗೆ ಇಟ್ಟದ್ದು ವರ್ಷಕ್ಕೆ 5,500 ರೂಪಾಯಿ. ಬಂದರೆ ಪುಸ್ತಕಕ್ಕಾಯಿತು, ಅದನ್ನು ನೆಚ್ಚಿ ಸೀಟು ಒಪ್ಪಬೇಡಿ. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವೇ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ಕೊಡುವ ಇನ್ನೊಂದು ವಿದ್ಯಾರ್ಥಿವೇತನ ಇದೆ. ಅದು ಈ ವಿಶ್ವವಿದ್ಯಾಲಯದ ನೆರವಿಗಿಂತ ಬೇರೆಯೇ, ಎರಡನ್ನೂ ಕಲಸಿಕೊಳ್ಳಬೇಡಿ. ಬೇರೆ ಕಾಲೇಜಿಗೆ ಸೇರಿದವರಿಗೂ ಅದು ಸಿಗುತ್ತದೆ, ಆದರೆ ಹತ್ತನೇ ತರಗತಿ ಮತ್ತು ಪಿಯುಸಿ ಎರಡನ್ನೂ ಸರ್ಕಾರಿ ಶಾಲೆ-ಕಾಲೇಜಿನಲ್ಲಿ ಓದಿರಬೇಕು. ನಮ್ಮ ಕಡೆ ಹೈಸ್ಕೂಲುಗಳಲ್ಲಿ ಬಹಳಷ್ಟು ಟ್ರಸ್ಟುಗಳ ಅನುದಾನಿತ ಶಾಲೆಗಳು. ಅನುದಾನಿತವೂ ಸರ್ಕಾರಿಯೇ ಎಂದು ಭಾವಿಸಿ ಲೆಕ್ಕ ಕಟ್ಟಬೇಡಿ.

ಉಳಿದ ದಾರಿಗಳನ್ನೂ ಮುಚ್ಚಿಕೊಳ್ಳಬಾರದು. ಬೆಂಗಳೂರೇ ಬೇಕು, ಅರ್ಥಶಾಸ್ತ್ರವೇ ಬೇಕು ಎಂದಾದರೆ ಜ್ಞಾನಭಾರತಿಯಲ್ಲಿ ಸರ್ಕಾರದ್ದೇ ಡಾ. ಬಿ.ಆರ್. ಅಂಬೇಡ್ಕರ್ ಸ್ಕೂಲ್ ಆಫ್ ಎಕನಾಮಿಕ್ಸ್ ವಿಶ್ವವಿದ್ಯಾಲಯ 2017ರಿಂದ ನಡೆಯುತ್ತಿದೆ. ಅಲ್ಲಿಯ ಅರ್ಜಿಯ ದಿನಾಂಕವನ್ನು ಮಗಳು ಇಂದೇ ನೋಡಲಿ. ಅದೂ ಆಗದಿದ್ದರೆ ಕುಮಟಾದಲ್ಲೇ ಪದವಿ ಮುಗಿಸಿ ಎಂ.ಎ.ಗೆ ಇದೇ ಸರ್ಜಾಪುರಕ್ಕೆ ಅರ್ಜಿ ಹಾಕಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಅಲ್ಲಿ ನೆರವಿದೆ. ನಾಲ್ಕು ವರ್ಷದ ಬದಲು ಎರಡು ವರ್ಷದ ಖರ್ಚು. ಮಗಳಿಗೆ ಇದು ಸೋಲಿನಂತೆ ಕೇಳಿಸೀತು, ನನಗೆ ಹಾಗನಿಸುವುದಿಲ್ಲ.

ಹಣದಿಂದ ಬಗೆಹರಿಯದ್ದು ಒಂದಿದೆ. ತರಗತಿಯಲ್ಲಿ ಪಾಠ, ಚರ್ಚೆ ಎಲ್ಲ ಇಂಗ್ಲಿಷಿನಲ್ಲಿ, ಜೊತೆಗಿನವರಲ್ಲಿ ಕೆಲವರು ದೊಡ್ಡ ಶಹರಗಳ ದೊಡ್ಡ ಶಾಲೆಗಳಿಂದ ಬಂದಿರುತ್ತಾರೆ. ನೆರವು ಫೀಸು ಕಟ್ಟುತ್ತದೆ, ಶನಿವಾರ ಗೆಳತಿಯರು ಹೊರಗೆ ಊಟಕ್ಕೆ ಕರೆದಾಗ ಆಗುವ ಸಂಕೋಚವನ್ನು ಕಟ್ಟುವುದಿಲ್ಲ. ತಿಂಗಳಿಗೆ ಒಂದು ಸಣ್ಣ ಮೊತ್ತ ಅವಳ ಖಾತೆಗೆ ತಪ್ಪದೆ ಹಾಕಿ, ಅದರ ಲೆಕ್ಕ ಕೇಳಬೇಡಿ. ಮೊದಲ ಮೂರು ತಿಂಗಳು ಫೋನಿನಲ್ಲಿ ಅತ್ತರೆ ಕೂಡಲೇ ವಾಪಸ್ ಕರೆಸುವ ಮಾತು ಆಡಬೇಡಿ, ಯಜಮಾನರಿಗೂ ಆಡಲು ಬಿಡಬೇಡಿ.

ಸದ್ಯಕ್ಕೆ ಕೆಲಸ ಮೂರೇ. ಆದಾಯ ಪ್ರಮಾಣಪತ್ರದ ಅರ್ಜಿಯನ್ನು ನಾಳೆಯೇ ಹಾಕಿ, ನಾಡಕಚೇರಿಯ ಸರ್ವರ್ ನಿಮ್ಮ ಕೊನೆಯ ದಿನಾಂಕ ನೋಡಿ ಕೆಲಸ ಮಾಡುವುದಿಲ್ಲ. ಮಂಡಿ ಪಟ್ಟಿಗಳನ್ನು ಹುಡುಕಿ ಒಟ್ಟುಮಾಡಿ. ಆ ಒಂದು ಪುಟದ ಪತ್ರವನ್ನು ಯಜಮಾನರು ಹೇಳಲಿ, ಮಗಳು ಬರೆದುಕೊಳ್ಳಲಿ. ತೋಟದ ಲೆಕ್ಕ ಅವರಷ್ಟು ಗೊತ್ತಿರುವವರು ಮನೆಯಲ್ಲಿ ಬೇರೆ ಯಾರೂ ಇಲ್ಲವಲ್ಲ. ಪತ್ರಕ್ಕೆ ಸಹಿ ಅವರದೂ ಇರಲಿ, ನಿಮ್ಮದೂ ಇರಲಿ. ನೆರವಿನ ಉತ್ತರ ಬಂದ ಮೇಲೆ ಅದರ ನಕಲಿನೊಂದಿಗೆ ಮತ್ತೆ ಬರೆಯಿರಿ, ಕೂತು ಲೆಕ್ಕ ಹಾಕೋಣ.